ಕಾರಂಜಿಯೂ ಅರವಟ್ಟಿಗೆಯೂ

ನೀರಿನ ಸಹಜ ಗತಿ ಕೆಳಮುಖವಾದುದು. ಬೆಟ್ಟದ ನೆತ್ತಿಯಿಂದ ಹೊರಟ ಹನಿ ಹಳ್ಳವನ್ನೂ ಹೊಳೆಯನ್ನೂ ಹಿಡಿದು ಕಡಲನ್ನು ಸೇರುವ ತನಕ ಇಳಿಯುತ್ತಲೇ ಇರುತ್ತದೆ. ಅಂತಹ ನೀರು ತನ್ನ ಗುಣವನ್ನೇ ಮರೆತಂತೆ ಮುಗಿಲ ಕಡೆಗೆ ಚಿಮ್ಮಿ, ಅರೆಗಳಿಗೆ ಅಲ್ಲಿಯೇ ತಡೆದು, ಮುತ್ತಿನ ಸರ ಹರಿದಂತೆ ಮತ್ತೆ ಕೆಳಗೆ ಉದುರುವುದನ್ನು ಕಂಡಾಗ ಎಳೆಯರೂ ಮುದುಕರೂ ಕಾಲು ಕೀಳಲಾರದೆ ನಿಂತುಬಿಡುತ್ತಾರೆ. ಮನುಷ್ಯನು ಕಾರಂಜಿಯನ್ನು ಕಟ್ಟಲು ತೊಡಗಿ ಎರಡು ಸಾವಿರ ವರ್ಷಗಳ ಮೇಲಾಯಿತು. ಆದರೂ ಅದನ್ನು ನೋಡುವ ಆಸೆ ಅವನಿಗೆ ಇನ್ನೂ ತೀರಿಲ್ಲ.

ಈ ವರ್ಷದ ವಿಜ್ಞಾನ ಪ್ರದರ್ಶನಕ್ಕಾಗಿ ಏನನ್ನು ಮಾಡಬೇಕೆಂದು ನಮ್ಮ ವಿಜ್ಞಾನ ಮಂಡಲಿಯಲ್ಲಿ ಚರ್ಚೆ ನಡೆದಾಗ, ಕಾರಂಜಿಯೇ ಆಗಲಿ ಎಂದು ನಾವೆಲ್ಲರೂ ಒಪ್ಪಿಕೊಂಡೆವು. ವಿದ್ಯುತ್ತಿನ ನೆರವಿಲ್ಲದೆ, ನಳಕ್ಕೆ ಜೋಡಿಸದೆ, ಒಂದು ಮೇಜಿನ ಮೇಲೆ ತಾನಾಗಿಯೇ ಚಿಮ್ಮುವ ಕಾರಂಜಿಯನ್ನು ಕಟ್ಟಿದೆವು. ಅಂಗಳದಲ್ಲಿ ಅದು ಮೊದಲ ಸಲ ಚಿಮ್ಮಿದಾಗ ನೆರೆದವರೆಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ಮಾತ್ರ ತಟ್ಟಲಿಲ್ಲ. ನಮ್ಮ ಶಾಲೆಯ ಕೋಣೆಗಳನ್ನು ಗುಡಿಸಿ, ಕುಡಿಯುವ ನೀರನ್ನು ತುಂಬಿಡುವ, ನಾವೆಲ್ಲರೂ ‘ಮೌಶಿ’ ಎಂದು ಕರೆಯುವ ಹಿರಿಯ ತಾಯಿ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಬಂದು ನೋಡಿದರು. “ಅಲ್ಲ ತಮ್ಮಾ, ಕುಡಿಯೂ ನೀರು ಹಿಂಗ ಗಾಳಿಗೆ ತೂರತೀರಲ್ಲ, ಇದು ಯಾರಿಗೆ ಬೇಕಾಗೇತಿ?” ಎಂದು ಕೇಳಿದರು. ಅವರು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯವರು. ಈಗ ಅವರು ವಾಸವಾಗಿರುವ ಚಾಳಿನಲ್ಲಿ ನಸುಕಿನ ನಾಲ್ಕು ಗಂಟೆಗೆ ನಳಕ್ಕೆ ನೀರು ಬಂದು ಒಂದು ತಾಸಿನೊಳಗೆ ನಿಂತುಹೋಗುತ್ತದೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬ ಭಾವವಿತ್ತು. ನಾವು ತಲೆತಗ್ಗಿಸಿ ನಿಂತೆವೇ ಹೊರತು ಉತ್ತರ ಹೇಳಲಿಲ್ಲ. ಆ ಉತ್ತರವನ್ನು ಹುಡುಕುತ್ತ ನಾವು ಓದಿದುದನ್ನೂ, ನಮ್ಮ ಈ ನಗರದಲ್ಲಿ ತಿರುಗಾಡಿ ಕಂಡುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾರಂಜಿ ಚಿಮ್ಮುವುದು ಹೇಗೆಂಬುದನ್ನು ನೋಡೋಣ. ನೆಲದಿಂದ ತಾನಾಗಿ ಉಕ್ಕುವ ನೀರಿಗೆ ನಮ್ಮವರು ಚಿಲುಮೆಯೆಂದೂ ಬುಗ್ಗೆಯೆಂದೂ ಹೆಸರಿಟ್ಟಿದ್ದಾರೆ. ಮನುಷ್ಯನ ಕೈಯಿಂದಾದುದಕ್ಕೆ ಕಾರಂಜಿಯೆಂಬ ಹೆಸರು ರೂಢಿಯಲ್ಲಿದೆ. ನೆರೆಯ ಮರಾಠಿಯಲ್ಲಿಯೂ ಅದು ‘ಕಾರಂಜೆ’ಯೇ. ಎರಡಕ್ಕೂ ಮೂಲವಾದ ನಿಯಮ ಒಂದೇ. ನೀರು ತನ್ನ ಮಟ್ಟವನ್ನು ಹುಡುಕುತ್ತದೆ. ಎತ್ತರದಲ್ಲಿರುವ ತೊಟ್ಟಿಯಿಂದ ಒಂದು ಕೊಳವೆಯನ್ನು ಕೆಳಗಿಳಿಸಿ, ಅದರ ತುದಿಯನ್ನು ಮೇಲಕ್ಕೆ ತಿರುಗಿಸಿದರೆ, ತೊಟ್ಟಿಯಲ್ಲಿ ನೀರು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಏರಲು ಕೊಳವೆಯ ನೀರೂ ಹವಣಿಸುತ್ತದೆ. ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ೧೬೪೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಲೆಕ್ಕಕ್ಕೆ ಒಳಪಡಿಸಿದನು. ತೂತಿನಿಂದ ಹೊರಬೀಳುವ ನೀರಿನ ವೇಗವು ಅಷ್ಟೇ ಎತ್ತರದಿಂದ ಕೆಳಗೆ ಬಿದ್ದ ಕಲ್ಲಿನ ವೇಗಕ್ಕೆ ಸಮ ಎಂಬುದು ಅವನ ಸಿದ್ಧಾಂತ. ಹತ್ತು ಮೀಟರು ಎತ್ತರದ ತೊಟ್ಟಿಯ ನೀರು ಕೆಳಗಿನ ನಳಿಕೆಯಿಂದ ಸೆಕೆಂಡಿಗೆ ಸುಮಾರು ೧೪ ಮೀಟರು, ಅಂದರೆ ಗಂಟೆಗೆ ೫೦ ಕಿಲೋಮೀಟರು ವೇಗದಿಂದ ಹೊರಡಬೇಕು. ವಾಸ್ತವದಲ್ಲಿ ಕೊಳವೆಯ ಗೋಡೆಯ ತಿಕ್ಕಾಟವೂ ಗಾಳಿಯ ತಡೆಯೂ ಸೇರಿ ತಮ್ಮ ಸುಂಕವನ್ನು ವಸೂಲು ಮಾಡುವುದರಿಂದ, ಚಿಮ್ಮಿದ ನೀರು ತೊಟ್ಟಿಯ ಮಟ್ಟವನ್ನು ಎಂದಿಗೂ ಮುಟ್ಟುವುದಿಲ್ಲ.

ನಾವು ಕಟ್ಟಿದ ಕಾರಂಜಿ ಅಲೆಕ್ಸಾಂಡ್ರಿಯಾ ಪಟ್ಟಣದ ಹೀರೋ ಎಂಬ ಯಂತ್ರಶಾಸ್ತ್ರಜ್ಞನ ಹೆಸರಿನದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ಈತನು ಗಾಳಿ, ನೀರು, ಉಗಿಗಳಿಂದ ನಡೆಯುವ ಅನೇಕ ಕೌತುಕಗಳನ್ನು ವರ್ಣಿಸಿದ್ದಾನೆ. ಇದಕ್ಕೆ ಒಂದರ ಕೆಳಗೊಂದು ಮೂರು ಪಾತ್ರೆಗಳು ಬೇಕು. ಮೇಲಿನದು ತೆರೆದ ತೊಟ್ಟಿ. ನಡುವಿನದು ನೀರು ತುಂಬಿ ಬಿಗಿದ ಸೀಸೆ. ಕೆಳಗಿನದು ಬರಿಯ ಗಾಳಿ ತುಂಬಿದ, ಬಿಗಿದ ಸೀಸೆ. ತೊಟ್ಟಿಗೆ ನೀರನ್ನು ಸುರಿದಾಗ ಅದು ಒಂದು ಕೊಳವೆಯ ಮೂಲಕ ಎಲ್ಲಕ್ಕಿಂತ ಕೆಳಗಿನ ಸೀಸೆಗೆ ಇಳಿಯುತ್ತದೆ. ಅಲ್ಲಿದ್ದ ಗಾಳಿಗೆ ಜಾಗ ಸಾಲದಾಗಿ ಅದು ಎರಡನೆಯ ಕೊಳವೆಯಿಂದ ನಡುವಿನ ಸೀಸೆಗೆ ನುಗ್ಗಿ ಅಲ್ಲಿನ ನೀರನ್ನು ಒತ್ತುತ್ತದೆ. ಒತ್ತಡಕ್ಕೊಳಗಾದ ನೀರು ಮೂರನೆಯ ಕೊಳವೆಯನ್ನು ಹಿಡಿದು ತೊಟ್ಟಿಯ ನಡುವಿನಿಂದ ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮಿದ ನೀರು ತೊಟ್ಟಿಗೇ ಬಿದ್ದು ಮತ್ತೆ ಕೆಳಗಿಳಿದು ಗಾಳಿಯನ್ನು ಒತ್ತುತ್ತದೆ.

ಕೇಳುವುದಕ್ಕೆ ಇದು ಸುಲಭ. ನಾವು ಮೂರು ಪ್ಲಾಸ್ಟಿಕ್ ಬಾಟಲಿಗಳನ್ನೂ, ಔಷಧದಂಗಡಿಯಿಂದ ತಂದ ಸಲೈನ್ ನಳಿಕೆಯನ್ನೂ ಜೋಡಿಸಿ ನೀರು ಸುರಿದಾಗ ಗುಳುಗುಳು ಸದ್ದಾಯಿತೇ ಹೊರತು ಒಂದು ಹನಿಯೂ ಮೇಲೇಳಲಿಲ್ಲ. ಮುಚ್ಚಳದ ಸಂದಿಯಿಂದ ಗಾಳಿ ಸೋರಿಹೋಗುತ್ತಿತ್ತು. ಮೇಣದಬತ್ತಿಯನ್ನು ಕರಗಿಸಿ ಹಚ್ಚಿದೆವು, ಅದು ಬಿರುಕುಬಿಟ್ಟಿತು. ಕೊನೆಗೆ ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ ಸುತ್ತಿ ಅಂಟು ಹಚ್ಚಿದ ಮೇಲೆ, ನಾಲ್ಕನೆಯ ದಿನ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚು ಎತ್ತರದ ಒಂದು ಬೆಳ್ಳಿಯ ಎಳೆ ಎದ್ದುನಿಂತಿತು. ಎರಡು ಮೂರು ನಿಮಿಷಗಳಲ್ಲಿ ಅದು ಕುಗ್ಗಿ ನಿಂತುಹೋಯಿತು. ಇದು ನಿಲ್ಲದೆ ನಡೆಯುವ ಯಂತ್ರವಲ್ಲವೆಂದು ಗುರುಗಳು ಮೊದಲೇ ಎಚ್ಚರಿಸಿದ್ದರು. ನಡುವಿನ ಸೀಸೆ ಬರಿದಾದೊಡನೆ ಆಟ ಮುಗಿಯಿತು. ಒಂದು ತಂಬಿಗೆ ನೀರು ಮೇಲೇರಬೇಕಾದರೆ ಇನ್ನೊಂದು ತಂಬಿಗೆ ನೀರು ಕೆಳಗಿಳಿಯಲೇಬೇಕು; ಇದಕ್ಕೆ ವಿನಾಯಿತಿಯಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಮುಂದೆ ಇದರಿಂದ ನಮಗೆ ಕೆಲಸವಿದೆ.

ಇನ್ನು ಇತಿಹಾಸದ ಮಾತು. ಕಾರಂಜಿ ಮೊದಲು ಹುಟ್ಟಿದುದು ಅಂದಕ್ಕಾಗಿ ಅಲ್ಲ, ಬಾಯಾರಿಕೆಗಾಗಿ. ಪ್ರಾಚೀನ ರೋಮಿನ ಜನರು ದೂರದ ಬೆಟ್ಟಗಳಿಂದ ಕಲ್ಲಿನ ಕಾಲುವೆಗಳಲ್ಲಿ ನೀರನ್ನು ನಗರಕ್ಕೆ ತಂದರು. ಕ್ರಿಸ್ತಶಕ ೭೯ರಲ್ಲಿ ವಿಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಪಟ್ಟಣವನ್ನು ಅಗೆದಾಗ, ಬೀದಿಯ ಮೂಲೆಮೂಲೆಗಳಲ್ಲಿ ಸುಮಾರು ೪೦ ಕಲ್ಲಿನ ನೀರುತೊಟ್ಟಿಗಳು ದೊರೆತವು. ಕೊಡ ಹಿಡಿದು ಬಂದ ಹೆಣ್ಣುಮಗಳು ಹೆಚ್ಚು ದೂರ ನಡೆಯದಂತೆ ಅವುಗಳನ್ನು ಹಂಚಿ ಇಟ್ಟಿದ್ದರು. ಕೆತ್ತಿದ ಮುಖದ ಬಾಯಿಯಿಂದ ನೀರು ತೊಟ್ಟಿಗೆ ಬೀಳುತ್ತಿತ್ತು. ಮಿಕ್ಕು ಹರಿದ ನೀರು ಬೀದಿಯನ್ನು ತೊಳೆಯುತ್ತಿತ್ತು. ಇಳಿಜಾರಿನ ಆ ಊರಿನಲ್ಲಿ ನೀರಿನ ಒತ್ತಡ ಅತಿಯಾಗಿ ಕೊಳವೆಗಳು ಒಡೆಯಬಾರದೆಂದು ನಡುನಡುವೆ ಎತ್ತರದ ಕಂಬಗಳನ್ನು ಕಟ್ಟಿ, ಅವುಗಳ ಮೇಲೆ ಸೀಸದ ತೊಟ್ಟಿಗಳನ್ನು ಇಟ್ಟಿದ್ದರು. ನೀರು ಆ ತೊಟ್ಟಿಗೆ ಏರಿ, ದಣಿವಾರಿಸಿಕೊಂಡು, ಮತ್ತೆ ಕೆಳಗಿಳಿದು ಮುಂದೆ ಸಾಗುತ್ತಿತ್ತು.

ಕ್ರಿಸ್ತಶಕ ೯೭ರಲ್ಲಿ ರೋಮಿನ ನೀರು ಸರಬರಾಜಿನ ಅಧಿಕಾರಿಯಾದ ಫ್ರಾಂಟೈನಸ್ ಎಂಬಾತನು ತನ್ನ ಇಲಾಖೆಯ ಸಂಗತಿಗಳನ್ನೆಲ್ಲ ಒಂದು ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಸಾರ್ವಜನಿಕರ ನೀರನ್ನು ಕದ್ದು ಕೊಳವೆ ಕೊರೆದು ತಮ್ಮ ಮನೆಗೂ ತೋಟಕ್ಕೂ ಒಯ್ಯುವವರ ವಿಷಯವನ್ನು ಅದರಲ್ಲಿ ಓದಿದಾಗ ಇಷ್ಟು ಹಳೆಯ ರೋಗಕ್ಕೆ ಇನ್ನೂ ಮದ್ದು ಸಿಕ್ಕಲಿಲ್ಲವಲ್ಲ ಎಂದು ನಮಗೆ ನಗುವೂ ಬಂತು, ವಿಷಾದವೂ ಆಯಿತು.

ಅದೇ ರೋಮಿಗೆ ಕ್ರಿಸ್ತಪೂರ್ವ ೧೯ರಲ್ಲಿ ಅಗ್ರಿಪ್ಪನು ‘ವರ್ಗೋ’ ಎಂಬ ಕಾಲುವೆಯನ್ನು ತಂದನು. ಆ ಕಾಲುವೆಯ ಕೊನೆಯ ಘಟ್ಟದಲ್ಲಿಯೇ, ನಿಕೋಲ ಸಾಲ್ವಿಯ ನಕ್ಷೆಯಂತೆ ೧೭೩೨ರಲ್ಲಿ ಆರಂಭವಾಗಿ ೧೭೬೨ರಲ್ಲಿ ಮುಗಿದ, ಜಗತ್ಪ್ರಸಿದ್ಧವಾದ ಟ್ರೇವಿ ಕಾರಂಜಿ ನಿಂತಿದೆ. ಕಡಲ ದೇವತೆ, ಕುದುರೆಗಳು, ಒಡೆದ ಬಂಡೆಗಳ ರಾಶಿ, ಅವುಗಳ ಮೇಲೆ ನೂರು ಬಗೆಯಲ್ಲಿ ಇಳಿಯುವ ನೀರು ಇವೆಲ್ಲ ಒಂದು ಅರಮನೆಯ ಗೋಡೆಗೆ ಆತುಕೊಂಡಿವೆ. ಅಲ್ಲಿ ನೀರು ಬಹಳ ಎತ್ತರಕ್ಕೆ ಚಿಮ್ಮುವುದಿಲ್ಲ. ಕಾಲುವೆಯ ಮಟ್ಟವೇ ತಗ್ಗಿನದು. ಆ ಕೊರತೆಯನ್ನೇ ಶಿಲ್ಪಿ ಗುಣವಾಗಿ ಮಾಡಿಕೊಂಡು, ನೀರನ್ನು ಏರಿಸುವ ಬದಲು ಬಂಡೆಯಿಂದ ಬಂಡೆಗೆ ಇಳಿಸಿ ಕಡಲಿನ ಭ್ರಮೆಯನ್ನು ಹುಟ್ಟಿಸಿದ್ದಾನೆ. ಪ್ರವಾಸಿಗರು ಅದರಲ್ಲಿ ಎಸೆದ ನಾಣ್ಯಗಳನ್ನು ಸಂಗ್ರಹಿಸಿ ಬಡವರ ನೆರವಿಗೆ ವಿನಿಯೋಗಿಸುತ್ತಾರೆ.

ಭಾರತೀಯರಿಗೂ ಈ ವಿದ್ಯೆ ಹೊಸದಲ್ಲ. ಕಾಳಿದಾಸನ ಮೇಘದೂತದಲ್ಲಿ ‘ಯಂತ್ರಧಾರಾಗೃಹ’ವೆಂಬ ಮಾತು ಬರುತ್ತದೆ. ಹನ್ನೊಂದನೆಯ ಶತಮಾನದ ಭೋಜರಾಜನ ಸಮರಾಂಗಣ ಸೂತ್ರಧಾರದ ಯಂತ್ರಾಧ್ಯಾಯದಲ್ಲಿ ಧಾರಾಗೃಹ, ಪ್ರವರ್ಷಣ ಮೊದಲಾದ ಜಲಗೃಹಗಳ ಭೇದಗಳನ್ನು ಹೇಳಿದೆ. ಮುಂದೆ ಮೊಗಲ ದೊರೆಗಳು ಈ ಕಲೆಯನ್ನು ಉತ್ತುಂಗಕ್ಕೆ ಏರಿಸಿದರು. ಶ್ರೀನಗರದ ಶಾಲಿಮಾರ ಉದ್ಯಾನವನ್ನು ಜಹಾಂಗೀರನು ೧೬೧೯ರಲ್ಲಿ ಮಾಡಿಸಿದನು. ಬೆಟ್ಟದ ತೊರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಪ್ರತಿಯೊಂದು ಹಂತದಲ್ಲಿಯೂ ಮೇಲಿನ ಹಂತದ ನೀರಿನ ಭಾರದಿಂದಲೇ ಕೆಳಗಿನ ಕಾರಂಜಿಗಳು ಚಿಮ್ಮುವಂತೆ ಏರ್ಪಡಿಸಿದರು. ನೀರು ತೆರೆಯಂತೆ ಬೀಳುವ ಗೋಡೆಯಲ್ಲಿ ಚಿಕ್ಕ ಚಿಕ್ಕ ಗೂಡುಗಳಿದ್ದು, ಹಗಲು ಅಲ್ಲಿ ಹೂವುಗಳನ್ನೂ ಇರುಳು ದೀಪಗಳನ್ನೂ ಇಡುತ್ತಿದ್ದರು. ನೀರಿನ ಪರದೆಯ ಹಿಂದೆ ಉರಿಯುವ ಹಣತೆಗಳ ಸೊಬಗು ಎಂತಹದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಆಗ್ರಾದ ತಾಜಮಹಲಿನಲ್ಲಿ ಬೆಟ್ಟವಿಲ್ಲ, ತೊರೆಯೂ ಇಲ್ಲ. ಅಲ್ಲಿ ಎತ್ತುಗಳು ಚರ್ಮದ ಕಪಿಲೆಯಿಂದ ಯಮುನೆಯ ನೀರನ್ನೆಳೆದು ಎತ್ತರದ ತೊಟ್ಟಿಗಳಿಗೆ ತುಂಬುತ್ತಿದ್ದವು. ಆದರೆ ಒಂದು ಕೊಳವೆಗೆ ಸಾಲಾಗಿ ಅನೇಕ ನಳಿಕೆಗಳನ್ನು ಜೋಡಿಸಿದರೆ ಮೊದಲಿನವು ಎತ್ತರವಾಗಿಯೂ ಕೊನೆಯವು ಗಿಡ್ಡವಾಗಿಯೂ ಚಿಮ್ಮುವುದು ಸ್ವಾಭಾವಿಕ. ಇದನ್ನು ತಪ್ಪಿಸಲು ಪ್ರತಿಯೊಂದು ಕಾರಂಜಿಯ ಅಡಿಯಲ್ಲಿಯೂ ನೆಲದೊಳಗೆ ಒಂದೊಂದು ತಾಮ್ರದ ಪಾತ್ರೆಯನ್ನು ಹೂಳಿದರು. ನೀರು ಮೊದಲು ಪಾತ್ರೆಗಳನ್ನೆಲ್ಲ ತುಂಬಿ ಬಳಿಕ ಒಟ್ಟಿಗೇ ಮೇಲೇಳುವುದರಿಂದ ಸಾಲಿನಲ್ಲಿರುವ ಕಾರಂಜಿಗಳೆಲ್ಲ ಒಂದೇ ಎತ್ತರಕ್ಕೆ ಚಿಮ್ಮುತ್ತಿದ್ದವು. ಕಣ್ಣಿಗೆ ಕಾಣುವ ಅಮೃತಶಿಲೆಯ ಸೊಬಗನ್ನು ಎಲ್ಲರೂ ಹೊಗಳುತ್ತಾರೆ. ನೆಲದೊಳಗಿನ ಈ ತಾಮ್ರದ ಪಾತ್ರೆಗಳನ್ನು ನೆನೆಯುವವರು ವಿರಳ.

ನಮ್ಮ ಕನ್ನಡ ನಾಡಿನ ಕಡೆಗೆ ಬರೋಣ. ಮೌಶಿಯ ಜಿಲ್ಲೆಯಾದ ವಿಜಯಪುರವೇ, ಅಂದರೆ ಅಂದಿನ ವಿಜಾಪುರವೇ, ಈ ವಿಷಯದಲ್ಲಿ ನಮಗೆ ಹೆಮ್ಮೆಯ ಸ್ಥಳ. ಮಳೆ ಕಡಿಮೆಯಾದ ಆ ಬಯಲಿನಲ್ಲಿ ಆದಿಲಶಾಹಿ ದೊರೆಗಳು ತೊರವಿಯ ಕಡೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರನ್ನು ತಂದರು. ಮಹಮ್ಮದ ಆದಿಲಶಹನು ೧೬೫೧ರಲ್ಲಿ ಬೇಗಂ ತಾಲಾಬನ್ನು ಕಟ್ಟಿಸಿ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಸಿದನು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ’ಗಳೆಂಬ ನೀರಿನ ಗೋಪುರಗಳನ್ನು ಎಬ್ಬಿಸಿದ್ದರು. ಅವುಗಳ ಕೆಲಸವೇನು? ಕೊಳವೆಯಲ್ಲಿ ಒತ್ತಡ ಅತಿಯಾಗದಂತೆ ನೋಡಿಕೊಳ್ಳುವುದು; ಹೂಳು ತಳದಲ್ಲಿ ಇಳಿಯುವಂತೆ ಮಾಡುವುದು. ಪಾಂಪೇಯ ಕಂಬಗಳು ಮಾಡುತ್ತಿದ್ದುದೂ ಇದೇ ಬಗೆಯ ಕೆಲಸವನ್ನಲ್ಲವೇ? ಒಂದೂವರೆ ಸಾವಿರ ವರ್ಷಗಳ ಅಂತರವಿದ್ದರೂ, ಒತ್ತಡದ ಒಂದೇ ತೊಡಕಿಗೆ ಇಬ್ಬರೂ ಒಂದೇ ಪರಿಹಾರವನ್ನು ಕಂಡುಕೊಂಡರು. ನಗರಕ್ಕೆ ಹತ್ತಿರದ ಕುಮಟಗಿಯಲ್ಲಿ ಕೆರೆಯ ಬದಿಗೆ ನೀರಿನ ನಡುವೆ ಕಟ್ಟಿದ ಮಂಟಪಗಳು ಇಂದಿಗೂ ಇವೆ. ಬೇಸಗೆಯಲ್ಲಿ ಅರಸರು ಬಂದು ನೀರಿನ ತುಂತುರಿನಲ್ಲಿ ತಂಪಾಗಿ ಕುಳಿತಿರುತ್ತಿದ್ದ ವಿಹಾರಸ್ಥಾನವದು.

ಇಂತಹ ಜಲಮಂಟಪಗಳು ವಿಜಾಪುರ, ಆಗ್ರಾ, ಸ್ಪೇನಿನ ಗ್ರಾನಾಡ ಮೊದಲಾದ ಒಣ ಹವೆಯ ಊರುಗಳಲ್ಲಿಯೇ ಬೆಳೆದುದಕ್ಕೆ ಕಾರಣವಿದೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುತ್ತಲಿನಿಂದ ಸುಮಾರು ೫೮೦ ಕ್ಯಾಲೊರಿಗಳಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದರಿಂದಲೇ. ಕಾರಂಜಿಯು ನೀರನ್ನು ಸಾವಿರಾರು ಹನಿಗಳನ್ನಾಗಿ ಒಡೆಯುವುದರಿಂದ ಆವಿಯಾಗುವ ಮೈ ಹೆಚ್ಚುತ್ತದೆ, ಒಣ ಗಾಳಿ ಅದನ್ನು ಆತುರದಿಂದ ಕುಡಿಯುತ್ತದೆ, ಮಂಟಪ ತಂಪಾಗುತ್ತದೆ. ನಮ್ಮ ಮುಂಬಯಿಯ ಗಾಳಿಗಾದರೋ ಕಡಲಿನ ತೇವವೇ ಹೊಟ್ಟೆತುಂಬ ಇರುವುದರಿಂದ ಇಲ್ಲಿ ಕಾರಂಜಿ ಕಣ್ಣನ್ನು ತಣಿಸುವಷ್ಟು ಮೈಯನ್ನು ತಣಿಸಲಾರದು.

ಹಳೆಯ ಮೈಸೂರು ಸೀಮೆಯಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ಕಾಣದವರು ವಿರಳ. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮಾಡಿಸಿದರು. ೧೯೩೨ರಲ್ಲಿ ಅದು ಪೂರ್ಣವಾಯಿತು. ಕಟ್ಟೆಯ ಹಿಂದೆ ಕಾವೇರಿಯ ನೀರು ಎತ್ತರದಲ್ಲಿ ನಿಂತಿದೆ. ಮುಂದೆ ಉದ್ಯಾನ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ಕಾರಂಜಿಗೆ ಇದಕ್ಕಿಂತ ತಕ್ಕ ಸ್ಥಳ ಎಲ್ಲಿದೆ? ಆ ಕಟ್ಟೆಯನ್ನು ಕಟ್ಟಿದುದು ಹೊಲಗದ್ದೆಗಳಿಗಾಗಿ, ವಿದ್ಯುತ್ತಿಗಾಗಿ. ಸೊಬಗು ಅದರ ಬೆನ್ನ ಹಿಂದೆ ಬಂದಿತು.

ಸೊಬಗೇ ಮುಂದಾಗಿ ಪ್ರಯೋಜನ ಹಿಂದುಳಿದರೆ ಏನಾಗುತ್ತದೆಂಬುದಕ್ಕೆ ಫ್ರಾನ್ಸ್ ದೇಶದ ವರ್ಸಾಯಿ ಅರಮನೆ ಸಾಕ್ಷಿ. ಹದಿನಾಲ್ಕನೆಯ ಲೂಯಿ ದೊರೆಗೆ ಕಾರಂಜಿಗಳ ಹುಚ್ಚು. ಆದರೆ ಅರಮನೆಯ ನೆಲ ಎತ್ತರದ್ದು, ನೀರು ಬಡವಾದುದು. ಅದಕ್ಕಾಗಿ ಸೇನ್ ನದಿಯ ಮೇಲೆ ಮಾರ್ಲಿ ಎಂಬಲ್ಲಿ ೧೬೮೧ರಲ್ಲಿ ಆರಂಭಿಸಿ ಒಂದು ಮಹಾಯಂತ್ರವನ್ನು ಕಟ್ಟಿಸಿದನು. ೧೪ ದೊಡ್ಡ ಗಾಲಿಗಳು ನದಿಯ ಸೆಳೆತದಿಂದ ತಿರುಗಿ, ಇನ್ನೂರಕ್ಕೂ ಮಿಕ್ಕ ಪಂಪುಗಳನ್ನು ನಡೆಸಿ, ನೀರನ್ನು ೧೫೦ ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸುತ್ತಿದ್ದವು. ಇಷ್ಟಾದರೂ ಎಲ್ಲ ಕಾರಂಜಿಗಳಿಗೆ ಏಕಕಾಲಕ್ಕೆ ನೀರು ಸಾಲದು. ದೊರೆ ತೋಟದಲ್ಲಿ ನಡೆದುಬರುವಾಗ ಸೇವಕರು ಸಿಳ್ಳು ಹಾಕಿ ಒಬ್ಬರಿಗೊಬ್ಬರು ಸೂಚನೆ ಕೊಟ್ಟು, ಅವನ ಮುಂದಿನ ಕಾರಂಜಿಯನ್ನು ತೆರೆದು, ಅವನು ದಾಟಿದೊಡನೆ ಮುಚ್ಚುತ್ತಿದ್ದರಂತೆ! ಬಳಿಕ ಊರ್ ನದಿಯ ನೀರನ್ನು ದೂರದಿಂದ ತರಲು ಸಾವಿರಾರು ಸೈನಿಕರನ್ನು ಕಾಲುವೆಯ ಅಗೆತಕ್ಕೆ ಹಚ್ಚಿದನು. ರೋಗರುಜಿನಗಳಿಗೆ ಅವರಲ್ಲಿ ಬಹುಮಂದಿ ಬಲಿಯಾದರು. ಯುದ್ಧ ಬಂದು ಕೆಲಸ ನಿಂತಿತು. ಮೇಂತನೋ ಎಂಬಲ್ಲಿ ಅರ್ಧಕ್ಕೆ ಬಿಟ್ಟ ಕಮಾನುಗಳು ಇಂದಿಗೂ ನಿಂತಿವೆ. ಒಂದು ಹನಿ ನೀರೂ ಅವುಗಳ ಮೇಲೆ ಹರಿದು ವರ್ಸಾಯಿಯನ್ನು ಸೇರಲಿಲ್ಲ.

ಇದಕ್ಕೆ ತದ್ವಿರುದ್ಧವಾದುದು ಸ್ವಿಟ್ಜರ್ಲೆಂಡಿನ ಜಿನೀವಾದ ಕಥೆ. ಅಲ್ಲಿ ನದಿಯ ಬಲದಿಂದ ನೀರನ್ನು ಒತ್ತಿ ಕೊಳವೆಗಳ ಮೂಲಕ ಕುಶಲಕರ್ಮಿಗಳ ಯಂತ್ರಗಳಿಗೆ ಕಳಿಸುತ್ತಿದ್ದರು. ಸಂಜೆ ಕಾರ್ಖಾನೆಗಳು ಮುಚ್ಚಿದಾಗ ಕೊಳವೆಗಳಲ್ಲಿ ಒತ್ತಡ ತಟ್ಟನೆ ಏರಿ ಅಪಾಯವಾಗುತ್ತಿತ್ತು. ಅದಕ್ಕಾಗಿ ೧೮೮೬ರಲ್ಲಿ ಹೆಚ್ಚಿನ ನೀರನ್ನು ಆಕಾಶಕ್ಕೆ ಬಿಡುವ ಒಂದು ಬಾಯಿಯನ್ನು ಇಟ್ಟರು. ನೀರು ಸುಮಾರು ೩೦ ಮೀಟರು ಎತ್ತರಕ್ಕೆ ಚಿಮ್ಮಿತು. ಜನ ನೋಡಲು ನೆರೆದರು. ಅಪಾಯ ತಪ್ಪಿಸಲು ಮಾಡಿದ ಉಪಾಯವೇ ಊರಿನ ಗುರುತಾಯಿತು. ೧೮೯೧ರಲ್ಲಿ ಅದನ್ನು ಸರೋವರದ ದಡಕ್ಕೆ ಸಾಗಿಸಿದರು. ಈಗ ಅಲ್ಲಿ ಪಂಪುಗಳು ಸೆಕೆಂಡಿಗೆ ೫೦೦ ಲೀಟರು ನೀರನ್ನು ೧೪೦ ಮೀಟರು ಎತ್ತರಕ್ಕೆ ಎಸೆಯುತ್ತವೆ. ಬಿದ್ದ ನೀರೆಲ್ಲ ಮತ್ತೆ ಸರೋವರದ ಪಾಲು.

ಕಾರಂಜಿಯ ರಚನೆಯಲ್ಲಿ ಕುಶಲತೆಯೆಲ್ಲ ನಳಿಕೆಯ ಬಾಯಿಯಲ್ಲಿದೆ. ತೋಟಕ್ಕೆ ನೀರುಣಿಸುವ ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ದೂರ ಹಾರುವುದನ್ನು ನಾವೆಲ್ಲ ಕಂಡಿದ್ದೇವೆ. ಬಾಯಿ ಕಿರಿದಾದಷ್ಟೂ ವೇಗ ಹಿರಿದು. ನಯವಾದ ನಳಿಕೆಯಿಂದ ಕಲಕದೆ ಹೊರಟ ನೀರು ಗಾಜಿನ ಸರಳಿನಂತೆ ತಿಳಿಯಾಗಿ ಬಾಗುತ್ತದೆ. ನಳಿಕೆಯಲ್ಲಿಯೇ ಗಾಳಿ ಬೆರೆತರೆ ನೊರೆಯಾಗಿ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಅಸಂಖ್ಯ ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದೇ ಆ ಬಿಳುಪಿಗೆ ಕಾರಣ. ಬಾಯಿಯ ಮೇಲೆ ತಟ್ಟೆಯೊಂದನ್ನಿಟ್ಟರೆ ನೀರು ತೆಳ್ಳನೆಯ ಹಾಳೆಯಾಗಿ ಹರಡಿ ಕೊಡೆಯಂತೆ ಇಳಿಯುತ್ತದೆ. ತೊಟ್ಟಿಯ ಅಳತೆಗೂ ಒಂದು ನಿಯಮವುಂಟು: ಕಾರಂಜಿ ಎಷ್ಟು ಎತ್ತರವೋ ತೊಟ್ಟಿಯ ಅಂಚು ಕನಿಷ್ಠ ಅಷ್ಟು ದೂರವಿರಬೇಕು, ಇಲ್ಲವಾದರೆ ಗಾಳಿ ಬೀಸಿದಾಗ ನೀರು ದಾರಿಹೋಕರ ಪಾಲಾಗುತ್ತದೆ. ಈ ಕಾಲದ ಕಾರಂಜಿಗಳಲ್ಲಿ ವಿದ್ಯುತ್ ಪಂಪು ತೊಟ್ಟಿಗೆ ಬಿದ್ದ ನೀರನ್ನೇ ಸೋಸಿ ಮರಳಿ ಏರಿಸುತ್ತದೆ. ಆದುದರಿಂದ ನಷ್ಟವಾಗುವುದು ಆವಿಯಾದ ನೀರು ಮತ್ತು ಗಾಳಿಗೆ ಚೆದುರಿದ ನೀರು ಮಾತ್ರ.

ಇಷ್ಟನ್ನು ತಿಳಿದುಕೊಂಡು ನಾವು ಒಂದು ಭಾನುವಾರ ಮುಂಬಯಿಯ ಕೋಟೆ ಪ್ರದೇಶಕ್ಕೆ ಹೋದೆವು. ಮೊದಲು ಕಂಡುದು ಫ್ಲೋರಾ ಫೌಂಟನ್. ರಿಚರ್ಡ್ ನಾರ್ಮನ್ ಶಾ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಜೇಮ್ಸ್ ಫೋರ್ಸಿತ್ ಎಂಬಾತನು ಇಂಗ್ಲೆಂಡಿನ ಪೋರ್ಟ್‌ಲೆಂಡ್ ಶಿಲೆಯಲ್ಲಿ ಕಡೆದ ಇದು ೧೮೬೪ರ ಕೃತಿ. ನೆತ್ತಿಯ ಮೇಲೆ ರೋಮನರ ಪುಷ್ಪದೇವತೆ ಫ್ಲೋರಾ ನಿಂತಿದ್ದಾಳೆ. ಮುಂಬಯಿಗೆ ಕೊಳವೆಯ ನೀರನ್ನು ಮೊದಲು ಕೊಟ್ಟ ವಿಹಾರ ಕೆರೆ ಸಿದ್ಧವಾದುದು ೧೮೬೦ರಲ್ಲಿ ಎಂಬುದನ್ನು ಇದರೊಡನೆ ನೆನೆಯಬೇಕು. ಅದಕ್ಕೆ ಮೊದಲು ಈ ನಗರ ಬಾವಿಗಳನ್ನೂ ಕೆರೆಗಳನ್ನೂ ನಂಬಿತ್ತು. ಬಾವಿಯ ನೀರು ಸೇದದೆ ಮೇಲೇಳದು. ಇದೇ ಚೌಕದ ಬಳಿ ೧೯೫೫ರ ನವೆಂಬರ ೨೧ರಂದು ಸಂಯುಕ್ತ ಮಹಾರಾಷ್ಟ್ರ ಚಳವಳಿಗಾರರ ಮೇಲೆ ಗುಂಡು ಹಾರಿತು. ಆ ಚಳವಳಿಯಲ್ಲಿ ಮಡಿದವರ ನೆನಪಿಗಾಗಿ ಈ ಸ್ಥಳಕ್ಕೆ ಹುತಾತ್ಮಾ ಚೌಕವೆಂದು ಹೆಸರಾಯಿತು. ಪಂಜು ಹಿಡಿದ ರೈತ ಕಾರ್ಮಿಕರ ಪ್ರತಿಮೆ ಕಾರಂಜಿಗೆ ಸಮೀಪದಲ್ಲಿಯೇ ಇದೆ. ೧೯೫೬ರಲ್ಲಿ ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತವನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿದ ಕಥೆಯೂ ಆ ಕಾಲದ್ದೇ. ಬಹುಕಾಲ ಒಣಗಿದ್ದ ಕಾರಂಜಿಯನ್ನು ದುರಸ್ತಿ ಮಾಡಿ ೨೦೧೯ರಲ್ಲಿ ಮತ್ತೆ ನೀರು ಹರಿಸಿದರು.

ಅಲ್ಲಿಂದ ಅಂಚೆಯ ಪ್ರಧಾನ ಕಚೇರಿಯ ಕಡೆಗೆ ನಡೆದು ಮಿಂಟ್ ರಸ್ತೆಯಲ್ಲಿ ಇನ್ನೊಂದು ಕಾರಂಜಿಯನ್ನು ಕಂಡೆವು. ಅದು ದೊರೆಯ ಹೆಸರಿನದಲ್ಲ, ದೇವತೆಯದೂ ಅಲ್ಲ. ಹತ್ತಿಯ ವ್ಯಾಪಾರಿಯಾಗಿದ್ದ ರತನ್ಸಿ ಮೂಲ್ಜಿ ಜೇಠಾ ಎಂಬವರು, ಎಳವೆಯಲ್ಲಿಯೇ ತೀರಿಕೊಂಡ ತಮ್ಮ ಮಗನ ನೆನಪಿಗಾಗಿ ೧೮೯೪ರಲ್ಲಿ ಅದನ್ನು ಕಟ್ಟಿಸಿದರು. ವಿಕ್ಟೋರಿಯಾ ಟರ್ಮಿನಸ್ಸನ್ನು ಕಟ್ಟಿದ ಸ್ಟೀವನ್ಸನೇ ಅದರ ನಕ್ಷೆಯನ್ನು ಮಾಡಿದನು. ನೆತ್ತಿಯ ಮೇಲೆ ಪುಸ್ತಕವನ್ನು ಓದುತ್ತಿರುವ ಹುಡುಗನೊಬ್ಬನಿದ್ದಾನೆ. ಅವನ ಕೆಳಗೆ ನೀರು. ದಾರಿಹೋಕರಿಗೂ ದನಕರುಗಳಿಗೂ ಕುಡಿಯುವ ನೀರನ್ನು ಕೊಡುವ ಇಂತಹ ಕಟ್ಟೆಗಳಿಗೆ ಈ ನಗರದಲ್ಲಿ ‘ಪ್ಯಾವು’ ಎಂದು ಹೆಸರು. ಮಸ್ಜಿದ್ ಬಂದರಿನ ಹತ್ತಿರ ಕೇಶವಜಿ ನಾಯಕರ ಹೆಸರಿನ ೧೮೭೬ರ ಪ್ಯಾವು ಇದೆ, ಹೀಗೆ ಹಲವಾರು. ಲಂಡನ್ನಿನಲ್ಲಿ ಕಾಲರಾದ ಹಾವಳಿಯ ಬಳಿಕ ೧೮೫೯ರಲ್ಲಿ ಮೊದಲ ಸಾರ್ವಜನಿಕ ಕುಡಿಯುವ ನೀರಿನ ಕಾರಂಜಿಯನ್ನು ತೆರೆದರೆಂದು ಓದಿದ್ದೇವೆ. ಆದರೆ ಬಾಯಾರಿದವನಿಗೆ ನೀರು ಕೊಡುವ ಪಾಠವನ್ನು ನಾವು ಲಂಡನ್ನಿನಿಂದ ಕಲಿಯಬೇಕಾಗಿರಲಿಲ್ಲ. ‘ಅರವಟ್ಟಿಗೆ’ ಎಂಬ ಹಳೆಯ ಕನ್ನಡ ಮಾತು ನಮ್ಮ ಶಾಸನಗಳಲ್ಲಿಯೇ ಇದೆ. ಅರವಟ್ಟಿಗೆಗೆ ಭೂಮಿಯನ್ನು ಬಿಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕಂಡರಿಸಿದ ನಾಡು ನಮ್ಮದು.

ಆ ಹುಡುಗನ ಪ್ರತಿಮೆಯ ಕೆಳಗೆ ನಾವು ಬಹಳ ಹೊತ್ತು ನಿಂತಿದ್ದೆವು. ಅವನ ವಯಸ್ಸು ಹೆಚ್ಚು ಕಡಿಮೆ ನಮ್ಮದೇ. ಮಗನನ್ನು ಕಳೆದುಕೊಂಡ ತಂದೆ ಗೋರಿಯನ್ನು ಕಟ್ಟಿಸಲಿಲ್ಲ. ಬೇರೆಯವರ ಮಕ್ಕಳು ನೀರು ಕುಡಿಯಲೆಂದು ನೀರನ್ನು ಹರಿಸಿದನು. ಮೌಶಿಯ ಪ್ರಶ್ನೆಗೆ ಉತ್ತರದ ಒಂದು ಅಂಶ ನಮಗೆ ಅಲ್ಲಿ ದೊರೆಯಿತು.

ಇನ್ನೊಂದು ಅಂಶ ನಾವು ಕಟ್ಟಿದ ಹೀರೋನ ಕಾರಂಜಿಯಲ್ಲಿಯೇ ಇತ್ತು. ಒಂದು ತಂಬಿಗೆ ಮೇಲೇರಬೇಕಾದರೆ ಇನ್ನೊಂದು ತಂಬಿಗೆ ಕೆಳಗಿಳಿಯಬೇಕೆಂದು ಹೇಳಿದೆವಷ್ಟೆ. ಮುಂಬಯಿಗೆ ಇಂದು ಏಳು ಕೆರೆಗಳಿಂದ ನೀರು ಬರುತ್ತದೆ. ವಿಹಾರ, ತುಳಸಿ ಎರಡು ಮಾತ್ರ ನಗರದೊಳಗಿವೆ. ಮಿಕ್ಕವು ಠಾಣೆ, ಪಾಲಘರ, ನಾಸಿಕ ಜಿಲ್ಲೆಗಳ ಬೆಟ್ಟದ ಸೀಮೆಯಲ್ಲಿವೆ. ತಾನಸಾ, ಭಾತಸಾಗಳಂತಹ ದೊಡ್ಡ ಜ��ಾಶಯಗಳನ್ನು ಮಡಿಲಲ್ಲಿಟ್ಟುಕೊಂಡ ಶಹಾಪುರ ತಾಲೂಕಿನ ಹಲವು ಹಳ್ಳಿಗಳಲ್ಲಿಯೇ ಬೇಸಗೆ ಬಂದರೆ ಹೆಣ್ಣುಮಕ್ಕಳು ಟ್ಯಾಂಕರಿನ ದಾರಿ ಕಾಯುತ್ತಾರೆ. ಎತ್ತರದ ಕಟ್ಟಡದ ಮುಂದೆ ಬಣ್ಣದ ದೀಪಗಳಲ್ಲಿ ಕುಣಿಯುವ ಕಾರಂಜಿಯನ್ನು ನೋಡಿದಾಗ, ಈ ನೀರು ಮೇಲೇರಲು ಯಾರ ಕೊಡದ ನೀರು ಕೆಳಗಿಳಿಯಿತು ಎಂದು ಕೇಳಿಕೊಳ್ಳುವುದು ನ್ಯಾಯ. ಕಾರಂಜಿ ತಪ್ಪೆಂದು ನಾವು ಹೇಳುವುದಿಲ್ಲ. ಬಳಸಿದ ನೀರನ್ನೇ ಮತ್ತೆ ಬಳಸಿ, ಕುಡಿಯಲಾಗದ ನೀರನ್ನು ಸೋಸಿ ಚಿಮ್ಮಿಸಿದರೆ ಯಾರ ಕೊಡವೂ ಬರಿದಾಗದು. ಬಿಸಿಲಿನಲ್ಲಿ ದುಡಿದು ಬಂದವನಿಗೆ ಒಂದು ಗಳಿಗೆ ಕಣ್ಣು ತಣಿಯುವುದೂ ಬೇಕು. ಅದು ಉಳ್ಳವರಿಗೆ ಮಾತ್ರ ಮೀಸಲಾದ ಸುಖವಲ್ಲ. ಆದರೆ ಅರವಟ್ಟಿಗೆ ಮೊದಲು, ಕಾರಂಜಿ ಆಮೇಲೆ.

ಮರುದಿನ ಶಾಲೆಗೆ ಬಂದು ನಾವು ಇದನ್ನೆಲ್ಲ ಮೌಶಿಗೆ ವಿವರಿಸಿದೆವು. ನಮ್ಮ ಕಾರಂಜಿಯಲ್ಲಿ ಇದ್ದುದು ಒಟ್ಟು ಎರಡು ಲೀಟರು ನೀರೆಂದೂ, ಪ್ರದರ್ಶನದ ಮೂರು ದಿನವೂ ಅದನ್ನೇ ತಿರುಗಿಸಿ ಬಳಸಿದೆವೆಂದೂ, ಕೊನೆಗೆ ತುಳಸಿಯ ಕಟ್ಟೆಗೆ ಹಾಕಿದೆವೆಂದೂ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, “ಹಂಗಾರ ಚಲೋ ಆತು. ಒಂದ ಹರವಿ ತಂದು ಗೇಟಿನ ಹಂತೇಕ ಇಡ್ರಿ, ದಾರ್ಯಾಗ ಹೋಗೂ ಮಂದಿ ಕುಡೀತಾರ” ಎಂದರು.

ಪ್ರದರ್ಶನ ಮುಗಿದು ಬಾಟಲಿಗಳನ್ನು ಬಿಚ್ಚಿದ್ದಾಯಿತು. ಮಣ್ಣಿನ ಹರವಿ ಮಾತ್ರ ಶಾಲೆಯ ಬಾಗಿಲಲ್ಲಿದೆ. ಅದನ್ನು ತೊಳೆದು ತುಂಬುವ ಪಾಳಿ ಸೋಮವಾರದಿಂದ ಶನಿವಾರದವರೆಗೆ ನಮ್ಮ ತರಗತಿಯದು.